ಗೌಡರು ಮುಟ್ಟದ ಕಾಗದ

ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಗಿದೆ ಎಂದು ಅರ್ಥ. ಮುಟ್ಟದಿದ್ದರೆ ಮನೆಗೆ. ನಮ್ಮೂರ ಶಾಲೆಯ ಏಕಾಂತಪ್ಪ ಮೇಷ್ಟ್ರು ಕೇರಿಯ ಮಕ್ಕಳ ವಯಸ್ಸನ್ನು ಹೀಗೆ ಅಳೆಯುತ್ತಿದ್ದರು. ಮೊದಲ ವರ್ಷ ನನ್ನ ಕೈ ಕಿವಿಗೆ ಎಟುಕಲಿಲ್ಲ. ಅಟ್ಟಿದರು. ಮರುವರ್ಷ ಬೆರಳ ತುದಿ ತಾಗಿತು. ಮೇಷ್ಟ್ರು ಪುಸ್ತಕ ತೆಗೆದು, "ಇವತ್ತಿಗೆ ಆರು" ಎಂದು ಬರೆದುಕೊಂಡರು. ಜಂಬಮ್ಮ, ಹುಟ್ಟಿದ್ದು 1-6-1983.

ಅವ್ವ ಕಿಟಕಿಯ ಹೊರಗೆ ನಿಂತಿದ್ದಳು. ಅಲ್ಲಿಂದಲೇ ಅಂದಳು, "ಇಲ್ರೀ ಮೇಷ್ಟ್ರ, ಬರೂ ಬನ್ನಿ ಹಬ್ಬಕ್ಕ ಎಂಟು ತುಂಬತಾವ."

"ನಿನಗೇನು ಎಣಸಾಕ ಬರತೈತೇನಬೇ?" ಎಂದರು ಮೇಷ್ಟ್ರು.

ಊರಿನಲ್ಲಿ ಯಾವ ಮಗು ಯಾವ ದಿನ ಯಾವ ಹೊತ್ತಿಗೆ ಹುಟ್ಟಿತು ಎಂದು ಬೆರಳ ಮೇಲೆ ಹೇಳುವವಳು ನಮ್ಮವ್ವ ಒಬ್ಬಳೇ. ಅವಳಿಗೆ ಎಣಿಸಲು ಬರುವುದಿಲ್ಲವಂತೆ! ಮೇಲಿನ ಓಣಿಯ ಮಕ್ಕಳು ಕಿವಿ ಮುಟ್ಟಲಿಲ್ಲ. ಅವರ ಅಪ್ಪಂದಿರಿಗೆ ಕುರ್ಚಿ ಹಾಕಿ, ಚಹಾ ತರಿಸಿ, ಕೇಳಿ ಬರೆದುಕೊಂಡರು. ನನ್ನ ಕೈ ಗಿಡ್ಡ ಇದ್ದದ್ದು ವಯಸ್ಸು ಕಡಿಮೆ ಇದ್ದುದಕ್ಕಲ್ಲ. ಹೊಟ್ಟೆಗೆ ಇಲ್ಲದ ಮಗುವಿನ ಕೈ ಎಲ್ಲಿಂದ ಉದ್ದ ಬೆಳೆಯಬೇಕು?

ನಮ್ಮವ್ವ ಪಕ್ಕೀರಮ್ಮ. ಉಜ್ಜಿನಿ ರಸ್ತೆಯ ನಮ್ಮೂರಿಗೆ ಅವಳು ಸೂಲಗಿತ್ತಿ. ಅಪ್ಪ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತಾಗ ನನಗೆ ಮೂರು ವರ್ಷ. ನಮ್ಮೂರಿನಲ್ಲಿ ಹೆರಿಗೆ ಮಾಡಿಸುವುದು ಮಾದಿಗರ ಹೆಂಗಸಿನ ಕೆಲಸ. ಮಗು ಹಿಡಿಯಬೇಕು, ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ಯಬೇಕು, ಕಸ ಅಂದರೆ ಮಾಸು ಬಿದ್ದ ಮೇಲೆ ಗುಂಡಿ ತೋಡಿ ಹೂಳಬೇಕು, ರಕ್ತದ ಸೀರೆ ಒಗೆಯಬೇಕು. ಕಡೆಗೆ ಆ ಕೋಣೆಯನ್ನು ಸಗಣಿ ಹಾಕಿ ಬಳಿದು ಹಿತ್ತಿಲ ಬಾಗಿಲಿಂದ ಹೊರಗೆ ನಡೆಯಬೇಕು. ಅವಳು ಹೋದ ಮೇಲೆ ಮನೆಯವರು ಅವಳು ಬಳಿದ ನೆಲವನ್ನು ಮತ್ತೆ ತೊಳೆಯುತ್ತಾರೆ. ಅವಳು ಮುಟ್ಟಿದ್ದು ಮಗುವನ್ನು. ತೊಳೆಯುವುದು ನೆಲವನ್ನು. ಇದು ಯಾವ ಶಾಸ್ತ್ರವೋ ನನಗೆ ಇವತ್ತಿಗೂ ತಿಳಿದಿಲ್ಲ, ತಿಳಿಯುವುದೂ ಬೇಡ.

ಎಸ್ಸೆಸ್ಸೆಲ್ಸಿ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಆಮೇಲೆ ಶೇಂಗಾ ಕೀಳುವ ಕೂಲಿ. ಎರಡು ಸಾವಿರನೇ ಇಸವಿಯ ಜನವರಿಯಲ್ಲಿ ಕೊಟ್ಟೂರಿನ ಆಸ್ಪತ್ರೆಯ ಸಿಸ್ಟರೊಬ್ಬರು ಅವ್ವನ ಕೈಗೆ ಪೇಪರಿನ ತುಂಡು ಕೊಟ್ಟರು. ನರ್ಸ್ ತರಬೇತಿಗೆ ಅರ್ಜಿ ಕರೆದಿದ್ದರು. ಹತ್ತನೇ ತರಗತಿ ಪಾಸಾದ ಹುಡುಗಿಯರಿಗೆ ಹದಿನೆಂಟು ತಿಂಗಳು, ಹಾಸ್ಟೆಲ್ಲು, ಊಟ, ಆಮೇಲೆ ಸರ್ಕಾರಿ ನೌಕರಿ. "ನಿನ್ನ ಮಗಳನ್ನ ಹಾಕು ಪಕ್ಕೀರಮ್ಮ. ನೀ ಬರಿಗೈಲೆ ಮಾಡೂದನ್ನ ಆಕಿ ಗ್ಲೋಜು ಹಾಕ್ಕೊಂಡು ಮಾಡ್ಲಿ" ಎಂದರಂತೆ.

ಅವ್ವ ಆ ತುಂಡನ್ನು ಕುಪ್ಪಸದೊಳಗಿಟ್ಟುಕೊಂಡು ಬಂದಳು. ಯುಗಾದಿ ಆದಮೇಲೆ ನನ್ನನ್ನು ಅವಳ ತಮ್ಮನಿಗೆ ಕೊಡುವುದೆಂದು ಮಾತಾಗಿತ್ತು. ಮಾವನಿಗೆ ಮೂವತ್ತೆರಡು, ಒಬ್ಬಳು ಹೆಂಡತಿ ಬಿಟ್ಟುಹೋಗಿದ್ದಳು. ಮದುವೆಯಾದವರನ್ನು ತರಬೇತಿಗೆ ತೆಗೆದುಕೊಳ್ಳುವುದಿಲ್ಲ ಎಂದು ಆ ತುಂಡಿನಲ್ಲೇ ಬರೆದಿತ್ತು. "ಈ ಸೀಟು ಸಿಕ್ರ ಮಾವಗ ನಾನ ಹೇಳ್ತೀನಿ. ಸಿಗಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ" ಎಂದಳು ಅವ್ವ.

ಕಾಗದಗಳಿಗೆ ಅಲೆದೆ. ಜಾತಿ ಪ್ರಮಾಣ ಪತ್ರಕ್ಕೆ ಕೂಡ್ಲಿಗಿಗೆ ಮೂರು ಸಲ. ಮದುವೆಯಾಗಿಲ್ಲವೆಂಬ ಪತ್ರಕ್ಕೆ ಎರಡು ಸಲ. ನಡತೆ ಪತ್ರಕ್ಕೆ ಹೈಸ್ಕೂಲಿನ ಅಂಗಳದಲ್ಲಿ ಒಂದು ದಿನ. ಫಿಟ್‌ನೆಸ್ಸಿಗೆ ಡಾಕ್ಟರು ಎತ್ತರ ಅಳೆದರು, ತೂಕ ನೋಡಿದರು, "ಸ್ವಲ್ಪ ತಿನ್ನಮ್ಮ" ಎಂದು ಸಹಿ ಹಾಕಿದರು. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಸ್ಸು ಹತ್ತಿ ತರಬೇತಿ ಕೇಂದ್ರಕ್ಕೆ ಹೋದೆ. ಅಲ್ಲಿಯ ಗುಮಾಸ್ತ ಕಾಗದಗಳನ್ನು ಇಸ್ಪೀಟು ಎಲೆಯಂತೆ ಒಂದೊಂದೇ ಹಾಕುತ್ತಾ ಹೋಗಿ ಟೀಸಿಯ ಹತ್ತಿರ ನಿಂತ.

"ಹದಿನೇಳು ತುಂಬಿಲ್ಲಲ್ಲವ್ವ. ಹದಿನಾರು ವರ್ಷ ಏಳು ತಿಂಗಳು."

"ನನಗ ಹದಿನೆಂಟು ರೀ ಸರ."

"ಕಾಗದ ಹದಿನಾರು ಅಂತೈತಿ."

"ಕಾಗದ ಸುಳ್ಳು ರೀ."

ಅವನು ನಕ್ಕ. "ಕಾಗದ ಸುಳ್ಳಾದ್ರ ಖರೇ ಕಾಗದ ತಾ. ತಹಸೀಲ್ದಾರ್ ಕಚೇರಿಯಿಂದ ಜನನದ ಆದೇಶ ತಂದ್ರ ತಗೋತೀನಿ. ಫೆಬ್ರವರಿ ಏಳು, ಸೋಮವಾರ ಕಡೀ ದಿನ. ಮುಂದಿನ ಬ್ಯಾಚು ಯಾವಾಗ ಅಂತ ನನ್ನ ಕೇಳಬ್ಯಾಡ, ನನಗೂ ಗೊತ್ತಿಲ್ಲ."

ಉಳಿದದ್ದು ಹತ್ತು ದಿನ.

ಏಕಾಂತಪ್ಪ ಮೇಷ್ಟ್ರ ಮನೆಗೆ ಹೋದೆ. ರಿಟೈರಾಗಿ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು. "ನಾ ಬರದಿದ್ದು ತಪ್ಪು ಅಂತ ನಾನ ಬರಕೊಡಬೇಕೇನು? ನಿನ್ನ ಕೈ ಕಿವಿಗೆ ಮುಟ್ಟಲಿಲ್ಲ, ಅದಕ್ಕ ನಾ ಏನು ಮಾಡ್ಲಿ?" ಎಂದರು. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

ಗ್ರಾಮಲೆಕ್ಕಿಗ ಓಬಳೇಶಪ್ಪನ ಹತ್ತಿರ ಹೋದೆ. ಅವನು ಜನನದ ರಿಜಿಸ್ಟರು ತೆಗೆದು ತೋರಿಸಿದ. ಎಂಬತ್ತೊಂದನೇ ಇಸವಿಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ತಿನ್ನದಿದ್ದರೂ ನನ್ನ ಹೆಸರು ಇರುತ್ತಿರಲಿಲ್ಲ. ಕೇರಿಯಲ್ಲಿ ಹುಟ್ಟಿದವರನ್ನು ಬರೆದುಕೊಳ್ಳುವ ರೂಢಿಯೇ ಇರಲಿಲ್ಲ.

"ಒಂದು ಮಹಜರು ಮಾಡಬೇಕವ್ವ. ಈಕಿ ಇಂಥಾ ದಿನ ಹುಟ್ಟ್ಯಾಳ, ನನಗ ಖುದ್ದು ಗೊತ್ತೈತಿ ಅಂತ ಊರ ಹಿರಿಯರು ಸಹಿ ಹಾಕಬೇಕು. ಹೆಂಗ ಗೊತ್ತು ಅಂಬೂದನ್ನೂ ಬರೀಬೇಕು, ಇಲ್ಲಂದ್ರ ತಹಸೀಲ್ದಾರ್ರು ಒಪ್ಪಂಗಿಲ್ಲ. ಗೌಡ್ರ ಸಹಿ ಇದ್ರ ಬ್ಯಾರೇ ಯಾರದೂ ಬ್ಯಾಡ. ನೀನ ಬರಕಂಡು ಬಾ, ನಿನ್ನ ಅಕ್ಷರ ಚಲೋ ಅದಾವ. ನನಗ ಎಲೆಕ್ಷನ್ ಕೆಲಸ ತಲಿ ಮ್ಯಾಲ ಕುಂತೈತಿ."

ಗ್ರಾಮ ಪಂಚಾಯ್ತಿ ಎಲೆಕ್ಷನ್ನು ಬಂದಿತ್ತು. ಗುರುಸಂಗಪ್ಪ ಗೌಡ ತಾನು ನಿಲ್ಲುವಂತಿರಲಿಲ್ಲ. ಶಾಲೆಯ ಕೋಣೆಗೆ ಬಂದ ಸಿಮೆಂಟಿನಲ್ಲಿ ತನ್ನ ಮನೆಯ ಮಾಳಿಗೆ ಹಾಕಿಸಿಕೊಂಡು ಸಿಕ್ಕಿಬಿದ್ದಿದ್ದ, ಆರು ವರ್ಷ ನಿಲ್ಲಬಾರದೆಂದು ಮೇಲಿನಿಂದ ಆದೇಶ ಬಂದಿತ್ತು. ಅದಕ್ಕೆ ಮಗ ಪಾಲಾಕ್ಷನನ್ನು ನಿಲ್ಲಿಸಿದ್ದ. ಗೆದ್ದರೆ ಮಗನೇ ಅಧ್ಯಕ್ಷ, ಸಹಿ ಮಗನದು, ಸಿಮೆಂಟು ಅಪ್ಪನದು.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ನಾ ಹುಟ್ಟಿದ ದಿನ ಗೌಡಗ ಹೆಂಗ ಗೊತ್ತಿರಬೇಕು?"

"ಅವನಿಗೆಲ್ಲಿಂದ ಗೊತ್ತಿರಬೇಕಲೇ? ನೀನೂ ಅವನ ಮಗ ಪಾಲಾಕ್ಷನೂ ಒಂದ ದಿನದವರು. ಬನ್ನಿ ಹಬ್ಬದ ದಿನ. ಅವನು ಹೊತ್ತು ಹುಟ್ಟಾಕ, ನೀನು ಒಂದೀಟು ಹಿಂದ. ಅಷ್ಟ ಬರಿ."

ಅಷ್ಟನ್ನೇ ಬರೆದೆ. ಓಬಳೇಶಪ್ಪ ಹಳೆಯ ಪಂಚಾಂಗ ತಿರುವಿ ತಾರೀಖು ಹೇಳಿದ. ಮಹಜರಿನ ಭಾಷೆಯನ್ನೂ ಅವನೇ ಹೇಳಿಕೊಟ್ಟ. "ಸದರಿ ಜಂಬಮ್ಮ ಇವಳು ನನ್ನ ಮಗನಾದ ಪಾಲಾಕ್ಷನು ಹುಟ್ಟಿದ ದಿನವೇ, ಅಂದರೆ ವಿಜಯದಶಮಿ, ದಿನಾಂಕ 8-10-1981ರಂದು ಜನಿಸಿರುವುದು ನನಗೆ ಖುದ್ದಾಗಿ ಗೊತ್ತಿರುತ್ತದೆ." ಹೇಳುವಾಗ ಅವನಿಗೂ ಏನೂ ಹೊಳೆಯಲಿಲ್ಲ, ಬರೆಯುವಾಗ ನನಗೂ ಹೊಳೆಯಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಆವಾಗ ನನ್ನ ಮನಸ್ಸಿನಲ್ಲಿ ಸಹಿ ಬಿಟ್ಟರೆ ಬೇರೇನೂ ಇರಲಿಲ್ಲ.

ಮಂಗಳವಾರ ಮುಂಜಾನೆ ಗೌಡನ ಮನೆಯ ಹಿತ್ತಿಲಿಗೆ ಹೋದೆವು. ಗೌಡನ ಹೆಂಡತಿ ಗುರುಬಸಮ್ಮ ಹೊರಗೆ ಬಂದು ನೋಡಿದಳು. "ಬಂದಿ ಹೌದಿಲ್ಲೋ ಪಕ್ಕೀರಿ, ಚಲೋ ಆತು. ಮೋರಿ ಕಟ್ಟೈತಿ, ನಾಕು ದಿನ ಆತು. ತಗದು ಹೋಗು. ಆಮ್ಯಾಲೆ ನಿಮ್ಮ ಗೌಡ್ರನ್ನ ಕರೀತೀನಿ."

ಮೋರಿ ತೆಗೆದೆವು. ಕೋಲಿಗೆ ಬರಲಿಲ್ಲ, ಕೈ ಹಾಕಿದೆವು. ಅನ್ನ, ಕೂದಲು, ಬಚ್ಚಲ ಲೋಳೆ. ಮೊಣಕೈವರೆಗೆ ಕರ್ರಗಾಯಿತು. ಬುಟ್ಟಿ ತುಂಬಿ ತುಂಬಿ ತಿಪ್ಪೆಗೆ ಹೊತ್ತು ಹಾಕಿದೆವು. ಕುಡಿಯಲು ನೀರು ಕೇಳಿದರೆ ಗುರುಬಸಮ್ಮ ಮೇಲಿನಿಂದ ಬೊಗಸೆಗೆ ಸುರಿದಳು. ಆ ಬೊಗಸೆಯ ವಾಸನೆಗೆ ನಾನು ಕುಡಿಯಲಿಲ್ಲ, ಅವ್ವ ಕುಡಿದಳು. ನಡುಹೊತ್ತಾದ ಮೇಲೆ ಗೌಡ ಊಟ ಮುಗಿಸಿ ತೇಗುತ್ತಾ ಹಿತ್ತಿಲ ಕಟ್ಟೆಗೆ ಬಂದ. ಹಿಂದೆಯೇ ಪಾಲಾಕ್ಷ ಬಂದು ಬಾಗಿಲಿಗೆ ಒರಗಿ ನಿಂತ. ಹೊಸದಾಗಿ ಬಿಟ್ಟ ಮೀಸೆ, ಬಿಳಿ ಅಂಗಿ, ಕಿಸೆಯಲ್ಲಿ ತನ್ನದೇ ಫೋಟೋ ಇರುವ ಚೀಟಿಗಳು.

ಅವ್ವ ಕೈ ಮುಗಿದು ವಿಷಯ ಹೇಳಿದಳು.

"ಕೇರಿಯಾಗ ಎಷ್ಟು ಓಟು ಅದಾವಲೇ ಪಕ್ಕೀರಿ?"

"ನೂರಾ ನಲವತ್ತು ರೀ ಗೌಡ್ರ."

"ಎಲ್ಲಾ ನಮ್ಮ ಪಾಲಾಕ್ಷಗ ಬೀಳಬೇಕು. ಹೂಂ, ಕೊಡು."

ನಾನು ಕಾಗದ ಮುಂದೆ ಚಾಚಿದೆ. ಆ ಹೊತ್ತಿಗೆ ಕೈ ತೊಳೆದು ಲಂಗಕ್ಕೆ ಒರೆಸಿಕೊಂಡಿದ್ದೆ. ಗುರುಬಸಮ್ಮ ಒಳಗಿಂದಲೇ ಕಿರುಚಿದಳು, "ಕಟ್ಟಿ ಮ್ಯಾಲೆ ಇಡಬೇ! ಕೈಯಾಗ ಕೊಡ್ತಾಳಂತ, ಕೈಯಾಗ! ಪೂಜಿ ಮಾಡಿ ಉಂಡಾರ ಅವರು!"

ಕಟ್ಟೆಯ ಮೇಲಿಟ್ಟು, ಹಾರದಂತೆ ಕಲ್ಲು ಹೇರಿ, ಹಿಂದೆ ಸರಿದೆ. ಗೌಡ ಬಗ್ಗಿದ. ಕಾಗದ ಎತ್ತಲಿಲ್ಲ, ತಿರುಗಿಸಲಿಲ್ಲ, ಬೆರಳನ್ನೂ ತಾಗಿಸಲಿಲ್ಲ. ಅಕ್ಷರಗಳು ಅವನಿಗೆ ತಲೆಕೆಳಗಾಗಿದ್ದವು.

"ಓದಿ ಹೇಳ್ಲೇನ್ರಿ ಗೌಡ್ರ?" ಎಂದೆ.

"ನಿನ್ನ ಪುರಾಣ ಯಾರು ಕೇಳಬೇಕು? ವಯಸ್ಸಿಂದು ಹೌದಿಲ್ಲೋ? ಎಲ್ಲಿ ಹಾಕಬೇಕು ಹೇಳು."

ನಾನು ಕೋಲಿನಿಂದ ತೋರಿಸಿದ ಕಡೆ ಅವನು ಪೆನ್ನು ಊರಿ ಉದ್ದಕ್ಕೆ ಸಹಿ ಎಳೆದ. ಆಮೇಲೆ ಗುರುಬಸಮ್ಮ ಪೆನ್ನಿನ ಮೇಲೆ ನೀರು ಚಿಮುಕಿಸಿದಳು. ಪೆನ್ನಿಗೂ ಮೈಲಿಗೆ!

ನಾನು ಕಾಗದ ಎತ್ತಿಕೊಳ್ಳುವಾಗ ಪಾಲಾಕ್ಷ ನಕ್ಕ. "ಯಪ್ಪಾ, ಈಕಿ ನರ್ಸ್ ಆಗ್ತಾಳಂತ. ನಾಳೆ ಸೂಜಿ ಮಾಡಾಕ ಬಂದು ನಮ್ಮ ಮೈ ಮುಟ್ಟಿದ್ರ ಏನ್ ಮಾಡೂದು? ಅದಕಿಂತ ಜ್ವರದಾಗ ಸಾಯೂದ ಚಲೋ!"

ಗೌಡ ಹೊಟ್ಟೆ ಕುಲುಕಿಸಿ ನಕ್ಕ. ಒಳಗೆ ಗುರುಬಸಮ್ಮನೂ ನಕ್ಕಳು. ಅಲ್ಲಿದ್ದ ಬುಟ್ಟಿಯ ಕೆಸರನ್ನು ಅವನ ಬಿಳಿ ಅಂಗಿಯ ಮೇಲೆ ಸುರಿಯಬೇಕೆನ್ನಿಸಿತು. ಸುರಿಯಲಿಲ್ಲ. ಅವ್ವನನ್ನು ನೋಡಿದೆ. ಅವಳು ಪಾಲಾಕ್ಷನನ್ನೇ ನೋಡುತ್ತಿದ್ದಳು, ಮುಖವನ್ನಲ್ಲ, ಬಾಯನ್ನು. ಯಾಕೆಂದು ನನಗೆ ಆವಾಗ ತಿಳಿಯಲಿಲ್ಲ.

ಕೇರಿಯ ದಾರಿಯಲ್ಲಿ ಅರ್ಧ ಬಂದಿದ್ದೆವು. ಅವ್ವ ನಿಂತು ಕೇಳಿದಳು.

"ಜಂಬೀ, ಎಲೆಕ್ಷನ್‌ಗೆ ನಿಂದ್ರಾಕ ಎಷ್ಟು ವಯಸ್ಸಾಗಿರಬೇಕಲೇ?"

"ಇಪ್ಪತ್ತೊಂದು."

"ನಿನಗೆಷ್ಟು?"

"ಹದಿನೆಂಟು."

ನಾನೇ ಕಾಗದ ಬಿಚ್ಚಿ ಮತ್ತೆ ಓದಿದೆ. ನನ್ನ ಮಗನಾದ ಪಾಲಾಕ್ಷನು ಹುಟ್ಟಿದ ದಿನವೇ. ಕೆಳಗೆ ಗುರುಸಂಗಪ್ಪ ಗೌಡನ ಸಹಿ. ಓಟಿನ ಪಟ್ಟಿಯಲ್ಲಿ ಪಾಲಾಕ್ಷನ ವಯಸ್ಸು ಇಪ್ಪತ್ತೆರಡು ಎಂದಿತ್ತು. ಎಲೆಕ್ಷನ್ನಿಗಾಗಿ ಬರೆಸಿದ್ದು.

"ಯವ್ವಾ, ಇದನ್ನ ತೋರಿಸಿದ್ರ ಅವನ ಕಥಿ ಮುಗೀತು."

"ನಾಮಪತ್ರ ನೋಡೂದು ಯಾವತ್ತು?"

"ಶನಿವಾರ."

ಅವ್ವ ಸೂಲಗಿತ್ತಿ. ಕೋಣೆಯೊಳಗೆ ಕಂಡದ್ದನ್ನು ಹೊಸ್ತಿಲ ಆಚೆ ಹೇಳುವುದಿಲ್ಲ ಎಂದು ಕುಡುಗೋಲು ಹಿಡಿದ ದಿನವೇ ಅವಳ ಅತ್ತೆ ಅವಳಿಂದ ಆಣೆ ಹಾಕಿಸಿದ್ದಳು. ಯಾರ ಮನೆಯ ಮಗು ಯಾರ ಹಾಗಿದೆ, ಯಾವ ಸೊಸೆ ಏನು ನುಂಗಿದಳು, ಎಲ್ಲ ಅವಳ ಹೊಟ್ಟೆಯಲ್ಲೇ ಇತ್ತು. ಇಪ್ಪತ್ತೈದು ವರ್ಷ ಒಂದು ಮಾತು ಆಡಿರಲಿಲ್ಲ. ಆ ದಾರಿಯಲ್ಲಿ ನಿಂತು ಅಂದಳು, "ಆಣಿ ಮನಶ್ಯಾರ ಮನಿಗೆ. ಇವರ ಮನಿಗಲ್ಲ."

ಗುರುವಾರ ಕೂಡ್ಲಿಗಿಯಲ್ಲಿ ಗೌಡನ ಸಹಿ ನೋಡಿ ತಹಸೀಲ್ದಾರ್ ಕಚೇರಿಯವರು ಆದೇಶ ಕೊಟ್ಟರು. ಮಹಜರಿಗೆ ಮೊಹರು ಒತ್ತಿ ಜೊತೆಗೇ ಕೊಟ್ಟರು. ನನಗೆ ಹದಿನೆಂಟಾಯಿತು. ಸುಮ್ಮನೆ ಸೋಮವಾರ ಹೋಗಿ ಅರ್ಜಿ ಕೊಟ್ಟು ಬಂದಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಶನಿವಾರ ಬಾಯಿಬಿಟ್ಟರೆ ಗೌಡ, ಆ ಮಹಜರೇ ಸುಳ್ಳು ಎನ್ನುತ್ತಾನೆ. ಸುಳ್ಳೆಂದಾದರೆ ಆದೇಶ ಹೋಯಿತು, ವಯಸ್ಸು ಹೋಯಿತು, ಸೀಟು ಹೋಯಿತು, ಯುಗಾದಿಗೆ ಮಾವ. ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದೆ.

"ನಿನ್ನ ಸೀಟು. ನೀ ಬ್ಯಾಡ ಅಂದ್ರ ಬ್ಯಾಡ" ಎಂದಳು.

ನನಗೆ ಸೀಟು ಬೇಕಿತ್ತು. ಸೇಡೂ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ಸೇಡೇ ಹೆಚ್ಚು ಬೇಕಿತ್ತು. ಮೋರಿಯ ವಾಸನೆ ಇನ್ನೂ ಉಗುರಲ್ಲಿತ್ತು. "ಹೋಗೂನು" ಎಂದೆ.

ನಮ್ಮ ಕೇರಿಯ ಹುಲುಗಣ್ಣ ಪರಿಶಿಷ್ಟರ ಸ್ಥಾನಕ್ಕೆ ನಾಮಪತ್ರ ಹಾಕಿದ್ದ. ಅವನ ಸೂಚಕಿಯಾಗಿ ಹೆಬ್ಬೆಟ್ಟು ಒತ್ತಿದವಳು ಅವ್ವ. ಹಾಗಾಗಿ ಶನಿವಾರ ಪಂಚಾಯ್ತಿ ಆಫೀಸಿನ ಒಳಗೆ ಅವಳಿಗೆ ನಿಲ್ಲುವ ಹಕ್ಕಿತ್ತು. ಓದಿ ಹೇಳಲು ನಾನು. ಹುಲುಗಣ್ಣನಿಗೆ ಬಾಗಿಲಲ್ಲೇ ವಿಷಯ ಹೇಳಿದೆವು. ಅವನ ಮುಖ ಬೂದಿಯಾಯಿತು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಬ್ಯಾಡ. ನಾವು ಊರಾಗ ಇರಬೇಕು" ಎಂದ. ಅವ್ವ ಅವನನ್ನು ದಾಟಿಕೊಂಡು ಒಳಗೆ ಹೋದಳು.

ಚುನಾವಣಾಧಿಕಾರಿ ತಾಲೂಕಿನಿಂದ ಬಂದ ಒಬ್ಬ ಇಂಜಿನಿಯರು. ಬೋಳುತಲೆ, ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಮುಂದೆ ಕುರ್ಚಿಗಳಲ್ಲಿ ಮೇಲಿನ ಓಣಿಯವರು. ಗೌಡ ಮೊದಲ ಕುರ್ಚಿಯಲ್ಲಿ, ಪಾಲಾಕ್ಷ ಪಕ್ಕದಲ್ಲಿ. ನಾವು ಗೋಡೆಗೆ.

"ಪಾಲಾಕ್ಷ ಗೌಡ, ವಯಸ್ಸು ಇಪ್ಪತ್ತೆರಡು. ಯಾರದಾದರೂ ತಕರಾರು ಇದೆಯಾ?" ಎಂದು ಅಧಿಕಾರಿ ಕಾಗದ ಮಗುಚಿ ಹಾಕಲು ಹೋದ.

"ಐತ್ರಿ" ಎಂದಳು ಅವ್ವ.

ಎಲ್ಲ ಕುರ್ಚಿಗಳೂ ತಿರುಗಿದವು.

"ಏನಮ್ಮ?"

"ಅವನಿಗೆ ಹದಿನೆಂಟು ರೀ. ನಾನ ಹಡಿಸೀನಿ."

ಗೌಡ ಎದ್ದುನಿಂತ. "ಏನಲೇ ಪಕ್ಕೀರಿ, ಸೆರೆ ಕುಡದಿಯೇನು? ಸಾಹೇಬ್ರ, ಈಕಿ ಮಾತು ಕೇಳಬ್ಯಾಡ್ರಿ."

"ಕೂತ್ಕೊಳ್ಳಿ ಗೌಡ್ರೇ. ಹೇಳಮ್ಮ, ಯಾವತ್ತು ಅಂತ ಹೇಗೆ ಹೇಳ್ತೀಯಾ?"

ಅವ್ವ ಸೆರಗನ್ನು ನಡುವಿಗೆ ಸಿಕ್ಕಿಸಿದಳು. ಅವಳು ಯಾವ ಕೆಲಸಕ್ಕೂ ಮುಂಚೆ ಹಾಗೇ ಮಾಡುತ್ತಾಳೆ.

"ಬನ್ನಿ ಹಬ್ಬದ ಹಿಂದಿನ ಸಂಜೀಕ ನನ್ನ ಕರಸಿದ್ರು. ನನಗೂ ದಿನ ತುಂಬಿತ್ತು ರೀ. ಗೌಡಸಾನಿ ಕೂಸು ಅಡ್ಡ ಇತ್ತು. ಹೊಟ್ಟಿ ನೀವಿ ನೀವಿ ತಿರುವಿದೆ. ಕೋಳಿ ಕೂಗೂ ಹೊತ್ತಿಗೆ ನಂದೂ ನೀರು ಒಡೀತು. 'ಮನಿಗೆ ಹೊಕ್ಕೀನ್ರಿ, ನನಗೂ ಬ್ಯಾನಿ ಬಂದಾವ' ಅಂದೆ. ಈ ಗೌಡ್ರ ತಾಯಿ, 'ಬಿಗಿ ಹಿಡಕೋಬೇ, ಮೊದಲ ನಮ್ಮ ಕೂಸು ಬರಲಿ' ಅಂದ್ಳು. ಹಿಡಕಂಡೆ. ಹೊತ್ತು ಹುಟ್ಟಾಕ ಇವನು ಬಂದ. ಅಳಲಿಲ್ಲ. ನೀಲಿ ಆಗಿದ್ದ. ಇವನ ಬಾಯಾಗ ನನ್ನ ಬಾಯಿಟ್ಟು ಉಸುರು ಊದೀನ್ರಿ. ಮೂರು ಸಲ ಊದಿದ ಮ್ಯಾಲೆ ಅತ್ತ. ಆಮ್ಯಾಲೆ ಬಳ್ಳಿ ಕೊಯ್ದೆ, ಕಸ ಹೂಳಿದೆ, ಸೀರಿ ಒಗದೆ. ಹಬ್ಬದ ದಿನ ಮೈಲಿಗಿ ಆಗತೈತಿ, ಕ್ವಾಣಿ ಬಳದ ಹೋಗು ಅಂದ್ರು. ಮೊಣಕಾಲು ಊರಿ ಬಳಿಯಾಕ ಹತ್ತಿದ್ರ ನನ್ನ ಮಗಳ ತಲಿ ಕೆಳಗ ಬಂದಿತ್ತು ರೀ. ಬಳದೆ. ಹಿತ್ತಲ ಬಾಗಲದಿಂದ ಹೊಂಟೆ. ಕೇರಿ ಮುಟ್ಟಲಿಲ್ಲ. ಇವರ ತಿಪ್ಪಿ ಹಿಂದ ಜಾಲಿ ಗಿಡದ ಬುಡಕ ಕುಂತೆ. ಒಬ್ಬಾಕಿನ. ಅದ ಕುಡಗೋಲು. ನನ್ನ ಬಳ್ಳಿ ನಾನ ಕೊಯ್ಕಂಡೆ."

ನನ್ನ ಕಡೆ ಕೈ ಮಾಡಿದಳು. "ಈಕಿ. ಇಬ್ಬರಿಗೂ ಹದಿನೆಂಟು."

ಇದು ಯಾವುದೂ ನನಗೆ ಗೊತ್ತಿರಲಿಲ್ಲ. 'ಒಂದೀಟು ಹಿಂದ' ಎಂದಷ್ಟೇ ಹೇಳಿದ್ದಳು. ಮಂಗಳವಾರ ಮೋರಿಯ ಕೆಸರು ಹೊತ್ತು ಹಾಕಿದ್ದು ಅದೇ ತಿಪ್ಪೆಗೆ. ನನಗೆ ಅಳು ಬರಲಿಲ್ಲ. ಹಲ್ಲು ಕಚ್ಚಿದ್ದರಿಂದ ದವಡೆ ನೋಯಿತು. ಪಾಲಾಕ್ಷ ಮುಂಗೈಯಿಂದ ಬಾಯಿ ಒರೆಸಿಕೊಂಡ. ಒರೆಸಿಕೋ ಮಗನೇ, ಒರೆಸಿಕೋ. ಒಳಗೆ ಹೋದ ಉಸಿರು ಒರೆಸಿದರೆ ಬರುತ್ತದೆಯೇ?

"ಬಾಯಿಮಾತು ಸಾಲದಮ್ಮ. ದಾಖಲೆ ಬೇಕು" ಎಂದ ಅಧಿಕಾರಿ.

ನಾನು ಮುಂದೆ ಹೋಗಿ ಮಹಜರು ಮತ್ತು ಆದೇಶ ಮೇಜಿನ ಮೇಲಿಟ್ಟೆ. ಅವನು ಓದಿದ. ಮತ್ತೊಮ್ಮೆ ಓದಿದ. ಕನ್ನಡಕ ತೆಗೆದ.

"ಗೌಡ್ರೇ, ಇದು ನಿಮ್ಮ ಸಹಿನಾ?"

ಗೌಡ ದೂರದಿಂದಲೇ ಕತ್ತು ಚಾಚಿ ನೋಡಿದ. "ಸಹಿ ನಂದ ರೀ. ಆದ್ರ ಅದರಾಗ ಬರದಿದ್ದು ಸುಳ್ಳು. ನಾ ಅದನ್ನ ಓದಿಲ್ಲ."

ಸೋಮವಾರ, ಸೀಟು, ಎಲ್ಲ ಆ ಒಂದು ಮಾತಿನಲ್ಲಿತ್ತು.

"ಯಾಕೆ ಓದಲಿಲ್ಲ? ಓದೋಕೆ ಬರಲ್ವಾ?"

"ಬರದೇ ಏನ್ರಿ? ಎಂಟನೇತ್ತ ಪಾಸಾಗೀನಿ."

"ಮತ್ತೆ? ಓದು ಬರೋರು, ಮುಂದೆ ಕಾಗದ ಇತ್ತು. ಓದದೆ ಯಾಕೆ ಸಹಿ ಹಾಕಿದ್ರಿ?"

"ಅಲ್ರೀ ಸಾಹೇಬ್ರ, ಇವರು ತಂದ ಕಾಗದ ನಾವು ಕೈಯಾಗ..." ಎಂದು ಗೌಡ ಅಲ್ಲಿಗೇ ನಿಂತ.

ಅಧಿಕಾರಿಯ ಪೆನ್ನು ನಿಂತಿತು. ಹಿಂದಿನ ಕುರ್ಚಿಯಲ್ಲಿ ಯಾರೋ ಕೆಮ್ಮಿದರು. ಅಧಿಕಾರಿ ಬೆವರು ಒರೆಸಿಕೊಂಡು ಸಣ್ಣ ದನಿಯಲ್ಲಿ ಅಂದ, "ಪೂರ್ತಿ ಹೇಳಿ ಗೌಡ್ರೇ. ನಾನು ಹೇಳಿಕೆ ಬರ್ಕೋಬೇಕು. ಇವರು ತಂದ ಕಾಗದ ಮುಟ್ಟಲ್ಲ, ಅದಕ್ಕೇ ಓದಲಿಲ್ಲ, ಅಂತ ಬರೀಲಾ? ಬರೆದರೆ ಪೊಲೀಸ್ ಠಾಣೆಗೂ ಒಂದು ಪ್ರತಿ ಕಳಿಸಬೇಕಾಗುತ್ತೆ. ನನ್ನ ನೌಕರಿ ನಾನು ನೋಡ್ಕೋಬೇಕಲ್ಲ."

ಆ ಮನುಷ್ಯ ನಮ್ಮ ಪರ ಇರಲಿಲ್ಲ. ತನ್ನ ನೌಕರಿಯ ಪರ ಇದ್ದ. ನಮಗೆ ಅಷ್ಟು ಸಾಕಾಗಿತ್ತು.

ಗೌಡ ಮಗನನ್ನು ನೋಡಿದ. ಬಾಗಿಲನ್ನು ನೋಡಿದ. ಅವ್ವನನ್ನು ಮಾತ್ರ ನೋಡಲಿಲ್ಲ. ಅಸ್ಪೃಶ್ಯತೆಯ ಕೇಸು, ಜೈಲು ಒಂದು ಕಡೆ, ಮಗನ ಕುರ್ಚಿ ಒಂದು ಕಡೆ. ಅವನ ಹಣೆಯಿಂದ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯಿತು.

"ಓದೀನ್ರಿ" ಎಂದ.

"ಜೋರಾಗಿ ಹೇಳಿ."

"ಓದೀನ್ರೀ ಸಾಹೇಬ್ರ. ಓದಿ ಸಹಿ ಹಾಕೀನಿ."

"ಕೈಯಾಗ ಹಿಡಕಂಡು?" ಎಂದಳು ಅವ್ವ.

"ಹಿಡಕಂಡು."

"ಹಾಗಾದರೆ ಇದೇ ಕಾಗದವೋ ಅಲ್ಲವೋ ತಗೊಂಡು ನೋಡಿ, ಓದಿ ಹೇಳಿ" ಎಂದ ಅಧಿಕಾರಿ.

ಮೇಜಿನ ಮೇಲಿದ್ದ ಕಾಗದವನ್ನು ನಾನು ಎತ್ತಿಕೊಂಡೆ. ಗೌಡನ ಹತ್ತಿರ ಹೋಗಿ ಚಾಚಿದೆ. ಅವನ ಕೈ ಅರ್ಧಕ್ಕೆ ಬಂದು ನಿಂತಿತು. ಎಲ್ಲರೂ ನೋಡುತ್ತಿದ್ದರು. ಮೇಲಿನ ಓಣಿಯೆಲ್ಲ ಅಲ್ಲೇ ಇತ್ತು. ಅವನು ಕಾಗದದ ಮೂಲೆ ಹಿಡಿದ. ನಾನು ನನ್ನ ಮೂಲೆ ಬಿಡಲಿಲ್ಲ. ಅವನು ಜಗ್ಗಿದ. ನಾನು ಬಿಡಲಿಲ್ಲ. "ಓದ್ರಿ ಗೌಡ್ರ" ಎಂದೆ.

ಅವನು ಓದಿದ. ಒಂದು ತುದಿ ನನ್ನ ಕೈಯಲ್ಲಿ, ಒಂದು ತುದಿ ಅವನ ಕೈಯಲ್ಲಿ. "ಸದರಿ ಜಂಬಮ್ಮ ಇವಳು ನನ್ನ ಮಗನಾದ ಪಾಲಾಕ್ಷನು ಹುಟ್ಟಿದ ದಿನವೇ" ಎಂಬಲ್ಲಿ ದನಿ ಒಡೆಯಿತು. "ಮುಂದ?" ಎಂದೆ. ತಾರೀಖಿನವರೆಗೆ ಓದಿಸಿದೆ. ಕೆಳಗಿನ ಅವನ ಹೆಸರನ್ನೂ ಓದಿಸಿದೆ. ಆಮೇಲೆ ಬಿಟ್ಟೆ.

ನನಗೆ ಆಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ. ಹೊಟ್ಟೆ ತುಂಬ ಉಂಡ ಹಾಗಾಯಿತು.

"ಸಾಹೇಬ್ರ, ಬರಕಳ್ರಿ. ನಮ್ಮ ಕಾಗದ ಗೌಡ್ರು ಮುಟ್ಯಾರ" ಎಂದಳು ಅವ್ವ.

ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ. ನಾಮಪತ್ರದ ಮೇಲೆ ಕೆಂಪು ಶಾಯಿಯಲ್ಲಿ "ತಿರಸ್ಕೃತ" ಎಂದು ಬರೆದು ಮೊಹರು ಒತ್ತಿದ. ಹೊರಗೆ ಬಂದಾಗ ಗೌಡ ಅಂಗಳದಲ್ಲಿ ಅವ್ವನ ದಾರಿಗೆ ಅಡ್ಡ ನಿಂತ.

"ಪಕ್ಕೀರಿ, ಊರಾಗ ಇರಬೇಕಂತ ಐತೋ ಇಲ್ಲೋ ನಿನಗ?"

"ಐತ್ರಿ. ನೀವೂ ಇರ್ರಿ" ಎಂದಳು ಅವ್ವ. "ನಿಮ್ಮನಿ ಕ್ವಾಣಿಗೆ ಮಾತ್ರ ಇನ್ನ ಮ್ಯಾಲೆ ನಾ ಬರಂಗಿಲ್ಲ. ನೀವ ಬಳಕಳ್ರಿ."

ಸೋಮವಾರ ಮೊದಲನೇ ಬಸ್ಸಿಗೆ ತರಬೇತಿ ಕೇಂದ್ರಕ್ಕೆ ಹೋದೆ. ಅದೇ ಗುಮಾಸ್ತ ಅದೇ ಇಸ್ಪೀಟಿನ ಕೈಯಲ್ಲಿ ಕಾಗದ ಹಾಕುತ್ತಾ ಬಂದ. ಆದೇಶ ನೋಡಿದ, ಮಹಜರು ನೋಡಿದ, ಹದಿನೆಂಟು ಎಂದು ಕೆಂಪು ಗೆರೆ ಎಳೆದ. ನನ್ನ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡ. ಆಮೇಲೆ ಗೌಡನ ಸಹಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದ.

"ಊರ ಗೌಡ್ರು ಕೇರಿ ಹುಡುಗಿಗೆ ತಾವ ಸಹಿ ಮಾಡಿ ಕಳಿಸ್ಯಾರಲ್ಲ. ಭಾಳ ದೊಡ್ಡ ಮನಸಿನವರು ಅವರು."

"ಹೌದ್ರೀ ಸರ" ಎಂದೆ. "ಮಗನ ಎಲೆಕ್ಷನ್ ಬಿಡಿಸಿ ನನ್ನ ನರ್ಸ್ ಮಾಡ್ಯಾರ."